ಚರ್ಮದ ಕ್ಷಯ: ಪತ್ತೆ ಏಕೆ ಕಷ್ಟ?

ಕ್ಷಯ ಎಂದೊಡನೆ ಕೆಮ್ಮು, ಕಫ ನೆನಪಾಗುತ್ತವೆ. ಆದರೆ 1882ರಲ್ಲಿ ರಾಬರ್ಟ್ ಕಾಕ್ ಗುರುತಿಸಿದ ಅದೇ ರೋಗಾಣು ಅಪರೂಪಕ್ಕೆ ಚರ್ಮದಲ್ಲೂ ನೆಲೆಯೂರುತ್ತದೆ. ಕೆಂಗಂದು ಮಚ್ಚೆ, ಗಂಟು, ಮಾಯದ ಹುಣ್ಣು ಅದರ ರೂಪಗಳು. ಎಷ್ಟೋ ಸಲ ನೋವಿರುವುದಿಲ್ಲ. ಹುಳುಕಡ್ಡಿ ಎಂದೋ ಕುಷ್ಠವೆಂದೋ ಭಾವಿಸುವುದುಂಟು.

ಮಾಂಟೂ ಪರೀಕ್ಷೆಯಲ್ಲಿ ಮುಂದೋಳಿನ ಚರ್ಮದೊಳಕ್ಕೆ ಕ್ಷಯಾಣುವಿನ ಪ್ರೋಟೀನನ್ನು ಚುಚ್ಚಿ, 48ರಿಂದ 72 ಗಂಟೆಗಳ ನಂತರ ಗಟ್ಟಿ ಊತವನ್ನು ಅಳೆಯುತ್ತಾರೆ. ಈ ಊತಕ್ಕೆ ಕಾರಣ ದೇಹವನ್ನು ಕಾಯುವ ಬಿಳಿ ರಕ್ತಕಣಗಳು. ಎಚ್‌ಐವಿ ಸೋಂಕು, ಮೂತ್ರಪಿಂಡ ಕಸಿಯ ನಂತರದ ಔಷಧ, ದೀರ್ಘಕಾಲದ ಸ್ಟೆರಾಯ್ಡ್ ಸೇವನೆ ಇವುಗಳಿಂದ ಆ ಕಣಗಳು ದುರ್ಬಲವಾದರೆ, ರೋಗವಿದ್ದರೂ ತೋಳು ಊದದಿರಬಹುದು. ಆದ್ದರಿಂದಲೇ ಎಚ್‌ಐವಿ ಸೋಂಕಿತರಲ್ಲಿ 5 ಮಿ.ಮೀ. ಊತವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಊತವೇ ಇಲ್ಲವೆಂದು ಕ್ಷಯವಿಲ್ಲ ಎನ್ನುವಂತಿಲ್ಲ.

ಹೀಗಾಗಿ ಚರ್ಮದ ಚೂರನ್ನೇ ಪರೀಕ್ಷಿಸಬೇಕಾಗುತ್ತದೆ. ಒಂದು ಭಾಗ ಫಾರ್ಮಲಿನ್‌ನಲ್ಲಿ ಸೂಕ್ಷ್ಮದರ್ಶಕಕ್ಕೆ. ಇನ್ನೊಂದು ಭಾಗ ಲವಣದ ದ್ರಾವಣದಲ್ಲಿ ರೋಗಾಣು ಬೆಳೆಸಲು. ಅದನ್ನೂ ಫಾರ್ಮಲಿನ್‌ಗೆ ಹಾಕಿದರೆ ರೋಗಾಣು ಸಾಯುತ್ತದೆ, ಬೆಳೆಯುವುದೇನೂ ಉಳಿಯದು. ಅನುಕೂಲ ಪರಿಸರದಲ್ಲಿ ಇ. ಕೋಲೈ ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾದರೆ, ಕ್ಷಯಾಣುವಿಗೆ ಸುಮಾರು 20 ಗಂಟೆ ಬೇಕು. ಎಂದೇ ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕು. ವಂಶವಾಹಿ ಪರೀಕ್ಷೆ ಸುಮಾರು ಎರಡೇ ಗಂಟೆಯಲ್ಲಿ ಉತ್ತರ ಕೊಡುತ್ತದೆ. ಆದರೆ ಚೂರಿನಲ್ಲಿ ರೋಗಾಣು ತೀರ ಕಡಿಮೆಯಿದ್ದರೆ ಅದೂ ಎಡವಬಹುದು. ಒಂದನ್ನೇ ನಂಬದೆ ವೈದ್ಯರು ಎಲ್ಲವನ್ನೂ ತಾಳೆ ನೋಡುತ್ತಾರೆ.

ಮಾಯದ ಹುಣ್ಣಿಗೆ ಅಂಗಡಿಯ ಮುಲಾಮು ಹಚ್ಚುತ್ತ ದಿನ ದೂಡಬಾರದು. ಸೇವಿಸುತ್ತಿರುವ ಔಷಧಗಳನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಪತ್ತೆಯಾದ ಚರ್ಮದ ಕ್ಷಯ ಸಾಮಾನ್ಯವಾಗಿ ಆರು ತಿಂಗಳ ಔಷಧದಿಂದ ಗುಣವಾಗುತ್ತದೆ.