ಆ ಬೋರ್ಡಿನಲ್ಲಿ ನಾಯಿಗೂ ಹೆಸರಿದೆ

ಹೋದ ತಿಂಗಳು ನಮ್ಮ ಚಿಕ್ಕಪ್ಪನ ಪಿಎಫ್ ಕಾಗದ ಕೇಳೋಕೆ ಅಂತ ಅರ್ಧ ದಿನ ರಜೆ ಹಾಕಿ ಒಂದು ವಿಶ್ವವಿದ್ಯಾಲಯಕ್ಕೆ ಹೋಗಿದ್ದೆ. ಯಾವುದು ಅಂತ ಹೇಳಲ್ಲ. ಹೇಳಿದರೆ 'ಓ, ಅಲ್ಲಿ ಮಾತ್ರ ಹಾಗೆ' ಅಂತ ಉಳಿದವರೆಲ್ಲ ಕೈ ತೊಳೆದುಕೊಳ್ತಾರೆ.

ಚಿಕ್ಕಪ್ಪ 19 ವರ್ಷ ಅಲ್ಲಿನ ಒಂದು ಲ್ಯಾಬಿನಲ್ಲಿ ದುಡಿದವರು. ಸೂಕ್ಷ್ಮಜೀವಿ ಸಮುದಾಯಗಳ ಬಗ್ಗೆ ಸಂಶೋಧನೆ ಮಾಡೋ ತಂಡ ಅದು. ಅಂದರೆ ಒಂದು ಬಾಟಲಿ ಚರಂಡಿ ನೀರು ತಗೊಂಡು, ಅದರಲ್ಲಿ ಯಾವ್ಯಾವ ಬ್ಯಾಕ್ಟೀರಿಯಾ ಒಟ್ಟಿಗೆ ಬದುಕ್ತಿವೆ, ಯಾವುದು ಬಿಟ್ಟಿದ್ದನ್ನ ಯಾವುದು ತಿನ್ನುತ್ತೆ ಅಂತ ಡಿಎನ್‌ಎ ತೆಗೆದು ನೋಡೋದು. ಒಳ್ಳೇ ಕೆಲಸ. ನನಗೆ ಅದರ ಮೇಲೆ ಸಿಟ್ಟಿಲ್ಲ.

ಕಾರಿಡಾರಿನಲ್ಲಿ ಒಂದು ದೊಡ್ಡ ಬೋರ್ಡು. 'ನಮ್ಮ ತಂಡ' ಅಂತ ಮೇಲೆ. ಪ್ರೊಫೆಸರ್, ಪಿಎಚ್‌ಡಿ ವಿದ್ಯಾರ್ಥಿಗಳು, ಪ್ರಾಜೆಕ್ಟ್ ಅಸಿಸ್ಟೆಂಟುಗಳು, ಓದು ಮುಗಿಸಿ ಜರ್ಮನಿ, ಅಮೆರಿಕಾ ಸೇರಿದವರು. ಎಲ್ಲರ ಫೋಟೋ, ಹೆಸರು. ಸರ್‌ನೇಮ್ ಓದೋದನ್ನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಓದಿಕೊಂಡೆ. ಕೊನೇ ಸಾಲಿನಲ್ಲಿ ಪ್ರೊಫೆಸರ್ ಮನೆ ನಾಯಿಯ ಫೋಟೋ. ಅದಕ್ಕೂ ಹೆಸರು. ಕೆಳಗೆ 'ಲ್ಯಾಬಿನ ಮುದ್ದುಮರಿ' ಅಂತ ಬರೆದಿದೆ.

ಚಿಕ್ಕಪ್ಪ ಇಲ್ಲ.

ಎರಡು ಸಲ ಹುಡುಕಿದೆ. ಇಲ್ಲ.

ಪಕ್ಕದಲ್ಲಿ ನಿಂತಿದ್ದ ಹುಡುಗನೊಬ್ಬನನ್ನ ಕೇಳಿದೆ. ಪಿಎಚ್‌ಡಿ ಮಾಡ್ತಿರೋನು, ಮರ್ಯಾದಸ್ಥ. 'ಸರ್, ಇದು ರಿಸರ್ಚ್ ಟೀಮ್ ಬೋರ್ಡು. ಅವರು ಸ್ಟಾಫು. ಅದೂ ಔಟ್‌ಸೋರ್ಸ್' ಅಂದ. ತಪ್ಪು ಅವನದಲ್ಲ, ಅವನಿಗೆ ಹಾಗೇ ಕಲಿಸಿದ್ದಾರೆ. ಹಾಗಾದರೆ ನಾಯಿ ಯಾವ ರಿಸರ್ಚ್ ಮಾಡ್ತಿದೆ ಅಂತ ಕೇಳೋಕೆ ಬಾಯಿಗೆ ಬಂದಿತ್ತು. ಕೇಳಲಿಲ್ಲ. ಇಲ್ಲಿ ಕೇಳ್ತಿದೀನಿ.

ಚಿಕ್ಕಪ್ಪನ ಕೆಲಸ ಏನು ಅಂತ ಹೇಳ್ತೀನಿ. ಬೆಳಿಗ್ಗೆ ಗಾಜಿನ ಸಾಮಾನು ತೊಳೆಯೋದು, ಆಟೋಕ್ಲೇವ್ ಹಾಕೋದು, ಬೆಳೆಸಿ ಮುಗಿದ ಬ್ಯಾಕ್ಟೀರಿಯಾ ತಟ್ಟೆಗಳನ್ನ ಕೊಂದು ಎಸೆಯೋದು. ಆಮೇಲೆ ಸ್ಯಾಂಪಲ್. ಎಸ್‌ಟಿಪಿಗೆ ಹೋಗಬೇಕು, ಮ್ಯಾನ್‌ಹೋಲ್ ಮುಚ್ಚಳ ತೆಗೆಯಬೇಕು, ಹಗ್ಗಕ್ಕೆ ಕ್ಯಾನ್ ಕಟ್ಟಿ ಬಿಡಬೇಕು. ಗೋಡೆಗೆ ಅಂಟಿರೋ ಲೋಳೆ ಬೇಕು ಅಂದಾಗ ಕೆಲವು ಸಲ ಒಳಗೂ ಇಳಿಯಬೇಕು. 19 ವರ್ಷದಲ್ಲಿ ಒಂದು ಗ್ಯಾಸ್ ಮೀಟರ್ ಅವರ ಕೈಗೆ ಬರಲಿಲ್ಲ.

ಈ ಕೆಲಸಕ್ಕೆ ಇವರೇ ಯಾಕೆ ಸಿಕ್ಕರು ಅಂತ ಕೇಳಬೇಡಿ. ಏಜೆನ್ಸಿಯವನಿಗೆ ಯಾವ ಕೇರಿಗೆ ಹೋಗಬೇಕು ಅಂತ ಗೊತ್ತಿತ್ತು.

ಬಸವಲಿಂಗಪ್ಪನವರು ಎಪ್ಪತ್ತರ ದಶಕದಲ್ಲೇ ಈ ರಾಜ್ಯದಲ್ಲಿ ತಲೆ ಮೇಲೆ ಮಲ ಹೊರೋದನ್ನ ನಿಲ್ಲಿಸಿದರು. ಈಗ ಅದನ್ನೇ ಐಸ್ ಪೆಟ್ಟಿಗೆಯಲ್ಲಿಟ್ಟು ಹೊತ್ತರೆ 'ಸ್ಯಾಂಪಲ್' ಅಂತಾರೆ. 2013ರ ಕಾಯ್ದೆ ಚರಂಡಿ 'ಸ್ವಚ್ಛ ಮಾಡೋದರ' ಬಗ್ಗೆ ಮಾತಾಡುತ್ತೆ. ಚಿಕ್ಕಪ್ಪ ಸ್ವಚ್ಛ ಮಾಡಲಿಲ್ಲವಲ್ಲ, ವಿಜ್ಞಾನಕ್ಕೆ ನೆರವಾದರು!

ಈಗ ಕೆಲವರು ಬರ್ತಾರೆ. 'ಸಂಶೋಧನೆಯಲ್ಲಿ ಹೆಸರು ಬರೋದು ಬುದ್ಧಿ ಕೆಲಸಕ್ಕೆ, ಕೈ ಕೆಲಸಕ್ಕಲ್ಲ' ಅಂತ. ಅವರಿಗೆ ಎರಡು ಮಾತು.

ಒಂದು. ಎಸ್‌ಟಿಪಿಯಲ್ಲಿ ಒಂದು ಲೀಟರ್ ಜಾಡಿಗೆ ಟ್ಯಾಂಕಿನ ನೀರು ತುಂಬಿ, ಅರ್ಧ ಗಂಟೆ ಬಿಟ್ಟು, ಕೆಸರು ಎಷ್ಟು ಕೂತಿದೆ ಅಂತ ನೋಡ್ತಾರೆ. ಕಂದು ಬಣ್ಣ ಇದ್ದು ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಒಳಗಿನ ಜೀವಿಗಳು ಆರೋಗ್ಯವಾಗಿವೆ. ಕಪ್ಪಗಾಗಿ ಕೊಳೆತ ವಾಸನೆ ಬಂದರೆ ಗಾಳಿ ಸಾಲ್ತಿಲ್ಲ. ಚಿಕ್ಕಪ್ಪ ಜಾಡಿ ನೋಡಿ, ಮೂಗಿಗೆ ಹಿಡಿದು, 'ಇವತ್ತು ಇದು ಕೆಟ್ಟಿದೆ ಮೇಡಂ, ಬ್ಲೋವರ್ ನಿಂತಿರಬೇಕು' ಅಂತಿದ್ದರಂತೆ. ಡಿಎನ್‌ಎ ರಿಪೋರ್ಟು ಬರೋಕೆ ವಾರಗಟ್ಟಲೆ ಆಗ್ತಿತ್ತು. ಬಂದ ಮೇಲೆ ಅದೂ ಅದನ್ನೇ ಹೇಳ್ತಿತ್ತು. ರಿಪೋರ್ಟು ಹೇಳಿದರೆ ಜ್ಞಾನ, ಚಿಕ್ಕಪ್ಪ ಹೇಳಿದರೆ ಮಾತು. ಅಷ್ಟೇ ವ್ಯತ್ಯಾಸ.

ಎರಡು. ನಾನು ಬಿ.ಎ. ಓದಿದ ಗುಮಾಸ್ತ, ವಿಜ್ಞಾನ ಓದಿಲ್ಲ. ಆದರೆ ಈ ಒಂದು ಕತೆ ಓದಿದೀನಿ. ಜರ್ಮನಿಯ ರಾಬರ್ಟ್ ಕಾಖ್ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸೋಕೆ ಜೆಲಾಟಿನ್ ಬಳಸ್ತಿದ್ದರು. ಸೆಖೆಗೆ ಅದು ಕರಗಿ ನೀರಾಗ್ತಿತ್ತು. ಅಲ್ಲಿ ಕೆಲಸ ಮಾಡ್ತಿದ್ದ ವಾಲ್ಟರ್ ಹೆಸ್ಸೆ ಅನ್ನೋರ ಹೆಂಡತಿ ಫ್ಯಾನಿ ಹೆಸ್ಸೆ, 'ನಾನು ಅಡುಗೆಮನೇಲಿ ಜೆಲ್ಲಿ ಮಾಡೋಕೆ ಅಗರ್ ಹಾಕ್ತೀನಿ, ಅದು ಕರಗಲ್ಲ, ಅದನ್ನ ಹಾಕಿ ನೋಡಿ' ಅಂದರು. ಹಾಕಿದರು. ಇವತ್ತಿಗೂ ಪ್ರಪಂಚದ ಎಲ್ಲ ಲ್ಯಾಬುಗಳೂ ಅದೇ ಅಗರ್ ಮೇಲೆ ನಡೀತಿವೆ. 1882ರಲ್ಲಿ ಕಾಖ್ ಕ್ಷಯದ ಬ್ಯಾಕ್ಟೀರಿಯಾ ಬಗ್ಗೆ ಬರೆದಾಗ ಅಗರ್ ಹೆಸರಿತ್ತು, ಫ್ಯಾನಿ ಹೆಸರಿರಲಿಲ್ಲ. ಅದೇ ಲ್ಯಾಬಿನ ಸಹಾಯಕ ಪೆಟ್ರಿ 1887ರಲ್ಲಿ ಒಂದು ಮುಚ್ಚಳದ ತಟ್ಟೆ ಮಾಡಿದ. ಇವತ್ತಿಗೂ ಅದು ಪೆಟ್ರಿ ತಟ್ಟೆ. ತಟ್ಟೆಗೆ ಹೆಸರು ಸಿಕ್ತು, ತಟ್ಟೆಯೊಳಗಿನದಕ್ಕೆ ಸಿಗಲಿಲ್ಲ. ಅಲ್ಲಿ ಹೆಂಗಸು, ಇಲ್ಲಿ ಕೇರಿಯವನು. ಅಡುಗೆಮನೆಯಿಂದ ಬಂದ ಜ್ಞಾನ, ಚರಂಡಿಯಿಂದ ಬಂದ ಜ್ಞಾನ ಇವರ ಲೆಕ್ಕಕ್ಕೆ ಬರೋದೇ ಇಲ್ಲ.

ಇನ್ನೊಂದು ವಿಷಯ ಹೇಳಲೇಬೇಕು.

ಚರಂಡಿ ಗೋಡೆಯ ಲೋಳೆಯಲ್ಲಿ, ಆಮ್ಲಜನಕ ಇಲ್ಲದ ಕಡೆ, ಸಲ್ಫೇಟ್ ಬಳಸಿ ಬದುಕೋ ಬ್ಯಾಕ್ಟೀರಿಯಾ ಇರ್ತವೆ. ಅವು ಬಿಡೋದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆ ವಾಸನೆಯ ಗ್ಯಾಸು. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು ಸುಮಾರು 100 ಭಾಗ ಮುಟ್ಟಿದರೆ ಮೂಗು ಕೆಲಸ ನಿಲ್ಲಿಸುತ್ತೆ, ವಾಸನೆಯೇ ಗೊತ್ತಾಗಲ್ಲ. 700, 1000 ಮುಟ್ಟಿದರೆ ಒಂದೆರಡು ಉಸಿರಿಗೆ ಮನುಷ್ಯ ಬಿದ್ದುಹೋಗ್ತಾನೆ. ಅವನನ್ನ ಎತ್ತೋಕೆ ಇಳಿದವನೂ ಬೀಳ್ತಾನೆ. ನಮ್ಮ ಹುಡುಗರು ಇಬ್ಬಿಬ್ಬರು, ಮೂವರು ಒಟ್ಟಿಗೆ ಸಾಯೋದು ಹೀಗೆ.

ಅಂದರೆ ಇವರು ಅಧ್ಯಯನ ಮಾಡ್ತಿರೋ ಸಮುದಾಯವೇ ನಮ್ಮ ಸಮುದಾಯವನ್ನ ಕೊಲ್ತಿರೋದು. ಆ ಸಮುದಾಯದ ಒಂದೊಂದು ಜೀವಿಗೂ ಎರಡೆರಡು ಹೆಸರಿಟ್ಟು, ವಂಶವೃಕ್ಷ ಬರೆದಿದ್ದಾರೆ. ಸತ್ತವರ ಲೆಕ್ಕ ಕೇಳಿದರೆ ಫೈಲ್ ಸಿಗಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ಚರಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತು. 2023ರಲ್ಲಿ 30 ಲಕ್ಷ ಅಂತು. ಸತ್ತ ಮೇಲೆ ರೇಟು ಏರಿದೆ. ಬದುಕಿರುವಾಗ ಗ್ಲೌಸಿಗೆ ಕೊಟೇಶನ್ ಕರೀಬೇಕಂತೆ.

ಒಂದು ಸಲ ಚಿಕ್ಕಪ್ಪ ಒಳಗಿಳಿದಿದ್ದಾಗ ವಾಸನೆ ಇದ್ದಕ್ಕಿದ್ದಂಗೆ ನಿಂತುಹೋಯ್ತಂತೆ. ಅವರ ಹಿರಿಯರು ಹೇಳಿದ್ದ ಮಾತು ನೆನಪಾಯ್ತು: 'ವಾಸನೆ ಬಂದರೆ ಪರವಾಗಿಲ್ಲ ಮಗ, ವಾಸನೆ ನಿಂತರೆ ಮೇಲಕ್ಕೆ ಹತ್ತು.' ಹತ್ತಿದರು. ಮೇಲೆ ಬಂದವರೇ, ಇಳಿಯೋಕೆ ಸಜ್ಜಾಗಿದ್ದ ಒಬ್ಬ ವಿದ್ಯಾರ್ಥಿಯನ್ನ ಕಾಲರ್ ಹಿಡಿದು ಹಿಂದಕ್ಕೆ ಎಳೆದರು. ಆ ಹುಡುಗ ಈಗ ಹೊರದೇಶದಲ್ಲಿದ್ದಾನೆ, ಬೋರ್ಡಿನಲ್ಲಿ ಅವನ ಫೋಟೋ ಇದೆ. ಅವನ ಥೀಸಿಸ್ಸಿನ ಕೃತಜ್ಞತೆ ಪುಟವನ್ನ ಲೈಬ್ರರಿಗೆ ಹೋಗಿ ನೋಡಿದೆ. ಮನೆದೇವರು, ಗೈಡ್, ಗೆಳೆಯರು, ಕೊನೆಗೆ 'ಬೋಧಕೇತರ ಸಿಬ್ಬಂದಿ'. ನಮ್ಮ ಚಿಕ್ಕಪ್ಪ ಆ ಎರಡು ಪದದೊಳಗೆ ಎಲ್ಲೋ ಇದ್ದಾರೆ.

ಪಿಎಫ್ ವಿಷಯ? 19 ವರ್ಷದಲ್ಲಿ ಆರು ಏಜೆನ್ಸಿ. ಒಂದರಲ್ಲೂ ಐದು ವರ್ಷ ತುಂಬೋಕೆ ಬಿಟ್ಟಿಲ್ಲ. ಪ್ರತಿ ಸಲ ಹೊಸ ನೌಕರ, ಹೊಸ ನಂಬರು. ಗ್ರ್ಯಾಚುಟಿ ಇಲ್ಲ. ಈ ಮಾರ್ಚಿಗೆ ಏಳನೇ ಏಜೆನ್ಸಿ ಬಂತು, ಪಟ್ಟಿಯಲ್ಲಿ ಇವರ ಹೆಸರಿರಲಿಲ್ಲ. ನಾನೂ ಫೈಲು ಬರೆಯೋನೇ. ಈ ಆಟ ಹೇಗೆ ಆಡ್ತಾರೆ ಅಂತ ನನಗೆ ಗೊತ್ತು.

ನಮ್ಮ ಬೇಡಿಕೆ ದೊಡ್ಡದಲ್ಲ. ಸ್ಯಾಂಪಲ್ ತೆಗೆಯೋಕೆ ಪಂಪಿನ ಯಂತ್ರ ಇದೆ, ತರಿಸಿ. ಮುಚ್ಚಳ ತೆಗೆಯೋ ಪ್ರತಿಯೊಬ್ಬರ ಎದೆ ಮೇಲೆ ಗ್ಯಾಸ್ ಮೀಟರ್ ಇರಲಿ. ಟೈಫಾಯ್ಡ್, ಹೆಪಟೈಟಿಸ್, ಧನುರ್ವಾಯು ಲಸಿಕೆ ಹಾಕಿಸಿ. ಯಾರ ಮಾತಿನಿಂದ ಸಂಶೋಧನೆ ಮುಂದೆ ಹೋಯ್ತೋ ಅವರ ಹೆಸರನ್ನ ಪ್ರಬಂಧದಲ್ಲಿ ಬರೀರಿ, 'ಸಿಬ್ಬಂದಿ' ಅಂತ ಅಲ್ಲ, ಹೆಸರು. ಪ್ರಾಜೆಕ್ಟಿನ ದುಡ್ಡು ಕೇಳುವಾಗಲೇ ಇದಕ್ಕೆಲ್ಲ ಒಂದು ಕಾಲಂ ಹಾಕಿ.

ಫೋಟೋ ವಿಷಯ ಹೇಳಿದಾಗ ಚಿಕ್ಕಪ್ಪ ನಕ್ಕರು. 'ನನ್ನ ಫೋಟೋ ಯಾಕೋ ಮಗ, ಬಿಡು' ಅಂದರು. ಸ್ವಲ್ಪ ಹೊತ್ತು ಬಿಟ್ಟು, 'ನನ್ನ ಜಾಗಕ್ಕೆ ಯಾರನ್ನ ಹಾಕಿದ್ದಾರೆ ವಿಚಾರಿಸು' ಅಂದರು.

ವಿಚಾರಿಸಿದೆ. 23 ವರ್ಷದ ಹುಡುಗ. ನಮ್ಮ ಪಕ್ಕದ ಕೇರಿಯವನೇ. ಮೀಟರ್ ಕೊಟ್ಟಿಲ್ಲ.

ಚಿಕ್ಕಪ್ಪ ಅವನ ನಂಬರು ತಗೊಂಡು ಅವತ್ತೇ ಫೋನ್ ಮಾಡಿದರು. ವಾಸನೆ ನಿಂತರೆ ಹತ್ತಿಬಿಡು ಅಂತ ಹೇಳೋಕೆ.

ಜೈ ಭೀಮ್.