ಮರುಭೂಮಿಯ ಮೌನವೂ ಸ್ವತಂತ್ರ ಸಾಕ್ಷ್ಯಚಿತ್ರವೂ

ಮೆಕ್ಸಿಕೋ ದೇಶದ ವಾಯವ್ಯ ಅಂಚಿನಲ್ಲಿ ಬಾಹಾ ಕ್ಯಾಲಿಫೋರ್ನಿಯಾ ಎಂಬ ಪರ್ಯಾಯದ್ವೀಪವುಂಟು. ಉದ್ದ ಸುಮಾರು 1,200 ಕಿಲೋಮೀಟರು. ಒಂದು ಮಗ್ಗುಲಲ್ಲಿ ಪೆಸಿಫಿಕ್ ಮಹಾಸಾಗರ, ಮತ್ತೊಂದು ಮಗ್ಗುಲಲ್ಲಿ ಕ್ಯಾಲಿಫೋರ್ನಿಯಾ ಕೊಲ್ಲಿ. ಎರಡೂ ಕಡೆ ನೀರು, ನಡುವೆ ನೀರಿಗಾಗಿ ಬಾಯ್ಬಿಡುವ ನೆಲ. ಹಲವು ಆಳೆತ್ತರ ಬೆಳೆಯುವ ಕಾರ್ಡಾನ್ ಕಳ್ಳಿ, ತಲೆಕೆಳಗಾಗಿ ನೆಟ್ಟ ಗಜ್ಜರಿಯಂತೆ ತೋರುವ ಸಿರಿಯೊ ಮರ, ಚಳಿಗಾಲದಲ್ಲಿ ಉತ್ತರದ ಹಿಮಸಾಗರದಿಂದ ಸಾವಿರಾರು ಕಿಲೋಮೀಟರು ಈಜಿ ಬಂದು ಇಲ್ಲಿಯ ಹಿನ್ನೀರುಗಳಲ್ಲಿ ಮರಿ ಹಾಕುವ ಬೂದು ತಿಮಿಂಗಿಲ—ಇವೆಲ್ಲ ಚಿತ್ರಗ್ರಾಹಕರ ಕಣ್ಣಿಗೆ ಹಬ್ಬವೇ ಸರಿ. ಆದುದರಿಂದಲೇ ಯಾವ ದೊಡ್ಡ ಸಂಸ್ಥೆಯ ಹಂಗೂ ಇಲ್ಲದೆ, ಸ್ವಂತ ಹಣವನ್ನೂ ಮಿತ್ರರ ನೆರವನ್ನೂ ನೆಚ್ಚಿ ಇಲ್ಲಿ ಸಾಕ್ಷ್ಯಚಿತ್ರ ತೆಗೆಯಲು ಹೊರಡುವವರುಂಟು.

ಅಂಥ ಚಿತ್ರಕಾರನ ಮುಂದಿರುವ ಮೊದಲನೆಯ ಅಪಾಯ ಬಿಸಿಲೂ ಅಲ್ಲ, ಧೂಳೂ ಅಲ್ಲ. ಆ ನೆಲದ ಚೆಲುವು. ಬೆಳಗಿನ ಓರೆಬಿಸಿಲಿನಲ್ಲಿ ನಿರ್ಜನವಾದ ಕಣಿವೆಯನ್ನು ಕಂಡಾಗ, ಇದು ಸೃಷ್ಟಿಯ ಮೊದಲ ದಿನದಿಂದಲೂ ಹೀಗೆಯೇ ಮನುಷ್ಯಸ್ಪರ್ಶವಿಲ್ಲದೆ ಇದ್ದಿತು ಎಂದು ಹೇಳಿಬಿಡುವ ಆಸೆ ಯಾರಿಗಾದರೂ ಆಗುವಂಥದೇ. ಆದರೆ ಆ ಮಾತು ಸುಳ್ಳು. ಅಲ್ಲಿಯ ನಿರ್ಜನತೆಯು ಬಹುಮಟ್ಟಿಗೆ ಪ್ರಕೃತಿ ಕೊಟ್ಟದ್ದಲ್ಲ, ಚರಿತ್ರೆ ಮಾಡಿಟ್ಟದ್ದು.

1697ರಲ್ಲಿ ಹುವಾನ್ ಮರಿಯಾ ದೆ ಸಾಲ್ವಾತಿಯೆರ‍್ರಾ ಎಂಬ ಜೆಸ್ವಿಟ್ ಪಾದ್ರಿ ಲೊರೆತೊದಲ್ಲಿ ಮೊದಲ ಶಾಶ್ವತ ಮಿಷನ್ ಸ್ಥಾಪಿಸಿದಾಗ, ಆ ಪರ್ಯಾಯದ್ವೀಪದಲ್ಲಿ ಕೊಚಿಮಿ, ಗುವಾಯ್ಕುರಾ, ಪೆರಿಕೂ ಮೊದಲಾದ ಜನ ನಲವತ್ತು ಐವತ್ತು ಸಾವಿರದಷ್ಟಾದರೂ ಇದ್ದರೆಂದು ಇತಿಹಾಸಕಾರರ ಅಂದಾಜು. ಬೇಟೆಯಾಡಿ, ಕಳ್ಳಿಯ ಹಣ್ಣು ಆಯ್ದು, ಮೀನು ಹಿಡಿದು, ನೀರಿದ್ದಲ್ಲಿಗೆ ಸರಿಯುತ್ತ ಬದುಕಿದವರು ಅವರು. ಸ್ಪೇನ್ ದೊರೆಯ ಆಜ್ಞೆಯಂತೆ ಜೆಸ್ವಿಟರು 1768ರಲ್ಲಿ ಹೊರಟುಹೋಗುವ ಹೊತ್ತಿಗೆ ಉಳಿದಿದ್ದವರು ಸುಮಾರು 7,000 ಮಂದಿ. ಸಿಡುಬು, ದಡಾರಗಳು ಉಳಿದವರನ್ನು ನುಂಗಿದ್ದವು. ಬಂಡಾಯಗಳೂ ನಡೆದವು, 1734ರಲ್ಲಿ ಪೆರಿಕೂ ಜನ ಇಬ್ಬರು ಪಾದ್ರಿಗಳನ್ನು ಕೊಂದುದುಂಟು. ಆದರೆ ಕತ್ತಿಗಿಂತ ಹೆಚ್ಚು ಕೊಂದದ್ದು ರೋಗವೇ. ಚದುರಿ ಅಲೆಯುತ್ತಿದ್ದವರನ್ನು ಉಪದೇಶಕ್ಕೆಂದು ಒಂದೆಡೆ ಕೂಡಿಸಿದುದರಿಂದ ಅದು ಹರಡಲು ದಾರಿ ಸುಗಮವಾಯಿತು.

ಇಲ್ಲಿ ಧರ್ಮಸಂಸ್ಥೆಗಳನ್ನು ನಡೆಸುವವರೂ ಅವುಗಳಿಗೆ ನೆರವಾಗುವವರೂ ತುಸು ನಿಂತು ಯೋಚಿಸಬೇಕಾದ ಸಂಗತಿಯೊಂದಿದೆ. ಆ ಮಿಷನ್‌ಗಳು ನಡೆದದ್ದು ಮೆಕ್ಸಿಕೋದ ಶ್ರೀಮಂತ ಭಕ್ತರು ಕೊಟ್ಟ ದತ್ತಿಯಿಂದ. 'ಪುಣ್ಯನಿಧಿ' ಎಂದೇ ಅದರ ಹೆಸರು. ಅದು ಎಷ್ಟು ದೊಡ್ಡದಾಯಿತೆಂದರೆ, ಅದರ ಹಕ್ಕಿನ ವ್ಯಾಜ್ಯ ಅಮೆರಿಕ ಮೆಕ್ಸಿಕೋಗಳ ನಡುವೆ ಬೆಳೆದು, 1902ರಲ್ಲಿ ಹೇಗ್ ನಗರದ ಶಾಶ್ವತ ಪಂಚಾಯ್ತಿ ನ್ಯಾಯಾಲಯವು ತೀರ್ಮಾನಿಸಿದ ಮೊತ್ತಮೊದಲ ಮೊಕದ್ದಮೆಯಾಯಿತು. ಕೊಟ್ಟವರ ಮನಸ್ಸು ಕೆಟ್ಟದೆಂದು ಹೇಳುವಂತಿಲ್ಲ. ಕಲ್ಲುಬಂಡೆಗಳ ನಡುವೆ ಕಾಲುವೆ ತೋಡಿಸಿ, ಖರ್ಜೂರ, ದ್ರಾಕ್ಷಿ ಬೆಳೆಸಿದ ಪಾದ್ರಿಗಳ ಶ್ರಮವೂ ಸಾಮಾನ್ಯವಲ್ಲ. ಆ ಖರ್ಜೂರದ ತೋಪು ಸಾನ್ ಇಗ್ನಾಸಿಯೊದಲ್ಲಿ ಇಂದಿಗೂ ಹಸಿರಾಗಿದೆ. ಯಾರ ಉದ್ಧಾರಕ್ಕೆಂದು ಅದೆಲ್ಲ ನಡೆಯಿತೋ ಅವರು ಮಾತ್ರ ಇಲ್ಲ. ಈ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ತೋರಿಸಲಾಗದ ಚಿತ್ರವು ಎಷ್ಟೇ ಸುಂದರವಾಗಿದ್ದರೂ ಅರೆಚಿತ್ರವೇ.

ತೋರಿಸುವುದು ಹೇಗೆ ಎಂಬುದೇ ಕಷ್ಟ. ಸತ್ತ ಭಾಷೆಯನ್ನು ಧ್ವನಿಮುದ್ರಿಸಲು ಬರುವುದಿಲ್ಲ. ಗುವಾಯ್ಕುರಾ ನುಡಿಯ ಬಗ್ಗೆ ಇಂದು ತಿಳಿದಿರುವುದೆಲ್ಲ ಹೆಚ್ಚಾಗಿ ಯೋಹಾನ್ ಯಾಕೋಬ್ ಬೇಗರ್ಟ್ ಎಂಬ ಪಾದ್ರಿ 1772ರಲ್ಲಿ ಮಾನ್‌ಹೈಮ್‌ನಲ್ಲಿ ಅಚ್ಚು ಹಾಕಿಸಿದ ಜರ್ಮನ್ ಗ್ರಂಥದಿಂದ. ಆ ಜನರ ನಡುವೆ ಹದಿನೇಳು ವರ್ಷ ಬಾಳಿದ ಆತನಿಗೆ ಅವರ ಮೇಲೆ ಗೌರವವಿರಲಿಲ್ಲ. ಜನಾಂಗವೊಂದರ ಕೊನೆಯ ಮಾತು ಅದನ್ನು ಕೀಳಾಗಿ ಕಂಡವನ ಲೇಖನಿಯಲ್ಲಿ ಮಾತ್ರ ಉಳಿದಿರುವಾಗ, ನಿರೂಪಕನು ಆ ಪುಸ್ತಕವನ್ನು ಪ್ರಮಾಣವೆಂದು ಓದಿಬಿಡಬಾರದು. ಓದುತ್ತಿರುವುದು ಯಾರ ಮಾತೆಂದು ಹೇಳಿಯೇ ಓದಬೇಕು.

ಮಾತು ಸೋತಲ್ಲಿ ಬಂಡೆಗಳು ನೆರವಿಗೆ ಬರುತ್ತವೆ. ಸಿಯೆರ‍್ರಾ ದೆ ಸಾನ್ ಫ್ರಾನ್ಸಿಸ್ಕೊ ಬೆಟ್ಟಗಳ ಗವಿಗಳಲ್ಲಿ ಕೆಂಪು ಕಪ್ಪು ಬಣ್ಣಗಳಲ್ಲಿ ಬರೆದ, ಆಳೆತ್ತರಕ್ಕೂ ಮೀರಿದ ಮನುಷ್ಯರ, ಜಿಂಕೆಗಳ, ತಿಮಿಂಗಿಲಗಳ ಚಿತ್ರಗಳಿವೆ. 1993ರಲ್ಲಿ ಯುನೆಸ್ಕೋ ಅವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಇವುಗಳಲ್ಲಿ ಹಲವನ್ನು ಹೊರಜಗತ್ತಿಗೆ ಪರಿಚಯಿಸಿದವರಲ್ಲಿ ಹ್ಯಾರಿ ಕ್ರಾಸ್ಬಿ ಪ್ರಮುಖರು. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದ ಈ ಶಿಕ್ಷಕರು ಆ ವೃತ್ತಿಯನ್ನು ಬಿಟ್ಟು ಕ್ಯಾಮೆರಾ ಹಿಡಿದರು. ಬೆಟ್ಟದ ದನಗಾಹಿಗಳೊಡನೆ ಹೇಸರಗತ್ತೆಗಳ ಮೇಲೆ ಅಲೆದು, 1975ರಲ್ಲಿ ಗವಿಚಿತ್ರಗಳ ಬಗ್ಗೆ ಪುಸ್ತಕ ಹೊರತಂದರು. ದಾರಿ ತೋರಿದ ದನಗಾಹಿಗಳ ಬದುಕನ್ನು ಕುರಿತು ಮತ್ತೊಂದು ಪುಸ್ತಕವನ್ನೇ ಬರೆದರು. ಚಿತ್ರಕಾರನಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಬೇಕಿಲ್ಲ. ಇಂದಿಗೂ ಆ ಗವಿಗಳಿಗೆ ಹೋಗಲು ಸರಕಾರದ ಅನುಮತಿಯೂ ಸ್ಥಳೀಯ ಮಾರ್ಗದರ್ಶಿಯೂ ಅಗತ್ಯ. ಅವಸರದವನಿಗೆ ಇದು ಅಡ್ಡಿಯೆನಿಸೀತು. ಕಾಯಬಲ್ಲವನಿಗೆ ಆ ಮಾರ್ಗದರ್ಶಿಯೇ ಚಿತ್ರದ ಅರ್ಧ ಸಂಪತ್ತು.

ಸ್ವಾತಂತ್ರ್ಯದ ಬೆಲೆ ತಿಳಿಯುವುದು ತಿಮಿಂಗಿಲದ ಕಥೆ ಹೇಳುವಾಗ. 1857ರಲ್ಲಿ ಚಾರ್ಲ್ಸ್ ಸ್ಕ್ಯಾಮನ್ ಎಂಬ ನೌಕಾಧಿಪತಿ ಒಹೊ ದೆ ಲಿಯೆಬ್ರೆ ಹಿನ್ನೀರನ್ನು ಹೊಕ್ಕು ತಾಯಿ ತಿಮಿಂಗಿಲಗಳನ್ನು ಬೇಟೆಯಾಡತೊಡಗಿದ. ಬೇರೆ ಹಡಗುಗಳೂ ಹಿಂಬಾಲಿಸಿದವು. ಮುಂದೆ ಕಾನೂನಿನ ರಕ್ಷಣೆ ದೊರೆತು ಸಂತತಿ ಚೇತರಿಸಿತು. ಆಮೇಲೆ ಸಾನ್ ಇಗ್ನಾಸಿಯೊ ಹಿನ್ನೀರಿನ ಬಳಿ ಮೆಕ್ಸಿಕೋ ಸರಕಾರವೂ ಮಿತ್ಸುಬಿಷಿ ಕಂಪನಿಯೂ ಕೂಡಿ ಭಾರಿ ಉಪ್ಪಿನ ಕಾರ್ಖಾನೆ ಕಟ್ಟಲು ಹೊರಟವು. ಮೀನುಗಾರರೂ ಪರಿಸರಪ್ರೇಮಿಗಳೂ ವರ್ಷಗಟ್ಟಲೆ ವಿರೋಧಿಸಿದ ಮೇಲೆ 2000ದಲ್ಲಿ ಆ ಯೋಜನೆ ರದ್ದಾಯಿತು. ಕಂಪನಿಯ ಹಣದಲ್ಲಿ ತೆಗೆದ ಚಿತ್ರ ಈ ಅಧ್ಯಾಯವನ್ನು ದಾಟಿ ಹೋದೀತು. ಪ್ರವಾಸೋದ್ಯಮದ ಹಣದ ಚಿತ್ರ ಗೆಲುವನ್ನಷ್ಟೇ ತೋರಿಸಿ, ಉಪ್ಪಿನ ಕೆಲಸ ಸಿಕ್ಕೀತೆಂದು ಆಸೆಪಟ್ಟಿದ್ದ ಬಡವನ ಮಾತನ್ನು ಬಿಟ್ಟೀತು. ಕೈಯಲ್ಲಿ ಕಾಸಿಲ್ಲದ ಸ್ವತಂತ್ರ ಚಿತ್ರಕಾರನಿಗೆ ಎರಡನ್ನೂ ಕೇಳಿಸುವ ಅವಕಾಶವುಂಟು. ಅವನ ಬಡತನಕ್ಕೆ ಇರುವ ಸಮರ್ಥನೆಯೂ ಅದೊಂದೇ. ನೆರವು ನೀಡುವ ದಾನಿಗಳು ಚಿತ್ರದ ಸಂಕಲನದಲ್ಲಿ ಕೈಹಾಕದಿದ್ದರೆ ಅದು ನಿಜವಾದ ದಾಸೋಹ.

ಪರ್ಯಾಯದ್ವೀಪದ ಮೂಲನಿವಾಸಿಗಳೆಲ್ಲ ಅಳಿದರೆಂದು ಹೇಳುವುದೂ ತಪ್ಪು. ಉತ್ತರದಲ್ಲಿ ಕುಮಿಯಾಯ್, ಪೈಪೈ, ಕುಕಾಪಾ, ಕಿಲಿವಾ ಜನ ಇಂದಿಗೂ ಇದ್ದಾರೆ. ಕಿಲಿವಾ ನುಡಿಯನ್ನಾಡುವವರು ಮಾತ್ರ ಕೆಲವೇ ಮಂದಿ. ತಿಮಿಂಗಿಲಕ್ಕಾಗಿ ವಾರಗಟ್ಟಲೆ ದೋಣಿಯಲ್ಲಿ ಕಾಯುವ ಚಿತ್ರಕಾರನು ಅವರ ಅಂಗಳದಲ್ಲಿ ಕೆಲವು ದಿನವಾದರೂ ಕುಳಿತು, ಅಲ್ಲಿಯ ಮುದುಕರು ತಮ್ಮ ನುಡಿಯಲ್ಲೇ ಬೆಟ್ಟಗಳಿಗೂ ಗಿಡಗಳಿಗೂ ಹೇಳುವ ಹೆಸರುಗಳನ್ನು ಧ್ವನಿಮುದ್ರಿಸಿಕೊಳ್ಳಬೇಕು. ಮುದ್ರಿಕೆಯ ಒಂದು ಪ್ರತಿಯನ್ನು ಊರು ಬಿಡುವ ಮುನ್ನ ಅವರ ಕೈಗೆ ಕೊಟ್ಟು ಬರಬೇಕು.