ಪೊರೆಯ ಮರೆಯಲ್ಲಿ ಗ್ಲಾಕೋಮಾ

ವಯಸ್ಸಾದವರ ಕಣ್ಣು ಮಂಜಾಯಿತೆಂದರೆ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: 'ಪೊರೆ ಬಂದಿದೆ, ಬಲಿತ ಮೇಲೆ ತೆಗೆಸಿದರಾಯಿತು.' ಅದೇ ಕಣ್ಣಿನಲ್ಲಿ ಗ್ಲಾಕೋಮಾ ಕೂಡ ಇದ್ದರೆ? ಪೊರೆ ಮರೆಮಾಡಿದ ನೋಟ ಶಸ್ತ್ರಚಿಕಿತ್ಸೆಯಿಂದ ಮರಳುತ್ತದೆ. ಗ್ಲಾಕೋಮಾದಿಂದ ಹೋದ ನೋಟ ಮರಳದು. ಉಳಿದದ್ದನ್ನು ಕಾಪಾಡಿಕೊಳ್ಳಬಹುದು, ಅಷ್ಟೆ.

ಪೊರೆ ಎಂದರೆ ಕಣ್ಣಿನ ಮಸೂರ ಮಬ್ಬಾಗುವುದು. ಗ್ಲಾಕೋಮಾದಲ್ಲಿ ಕೆಡುವುದು ಕಣ್ಣಿನಿಂದ ಮಿದುಳಿಗೆ ಸುದ್ದಿ ಒಯ್ಯುವ ದೃಷ್ಟಿನರ. ಸಾಮಾನ್ಯವಾಗಿ ಮೊದಲು ಹೋಗುವುದು ಬದಿಯ ನೋಟ. ನೋವಿಲ್ಲ, ನೇರ ನೋಟ ಚೆನ್ನಾಗಿಯೇ ಇರುತ್ತದೆ. ಹೀಗಾಗಿ ರೋಗಿಗೆ ಸುಳಿವೇ ಸಿಗದು.

ಇದನ್ನು ಪತ್ತೆ ಹಚ್ಚಲು ಪೆರಿಮೆಟ್ರಿ ಎಂಬ ದೃಷ್ಟಿಕ್ಷೇತ್ರ ಪರೀಕ್ಷೆ ಇದೆ. ಒಂದು ಕಣ್ಣನ್ನು ಮುಚ್ಚಿ, ಬಟ್ಟಲಿನಂಥ ಉಪಕರಣದ ನಡುವಿನ ಗುರುತನ್ನೇ ದಿಟ್ಟಿಸುತ್ತಿರಬೇಕು. ಅಲ್ಲಲ್ಲಿ ಮಿನುಗುವ ಬೆಳಕಿನ ಚುಕ್ಕೆ ಕಂಡೊಡನೆ ಗುಂಡಿ ಒತ್ತಬೇಕು. ಹೆಚ್ಚು ಬಳಕೆಯಲ್ಲಿರುವ ಒಂದು ಕ್ರಮದಲ್ಲಿ ಹೀಗೆ 54 ಜಾಗಗಳನ್ನು ಪರೀಕ್ಷಿಸುತ್ತಾರೆ. ಪ್ರತಿ ಜಾಗದಲ್ಲೂ ಎಷ್ಟು ಮಂದ ಬೆಳಕು ಕಾಣುತ್ತದೆಂಬುದರ ಅಳತೆ ಡೆಸಿಬೆಲ್‌ಗಳಲ್ಲಿ. (ಶಬ್ದಕ್ಕೆ ಬಳಸುವ ಹೆಸರೇ! ಇಲ್ಲಿ 10 ಡೆಸಿಬೆಲ್ ವ್ಯತ್ಯಾಸವೆಂದರೆ ಬೆಳಕಿನಲ್ಲಿ ಹತ್ತುಪಟ್ಟು ವ್ಯತ್ಯಾಸ.)

ತೊಡಕು ಇರುವುದು ಇಲ್ಲೇ. ಮಬ್ಬಾದ ಮಸೂರ ಬೆಳಕನ್ನು ಚದುರಿಸುವುದರಿಂದ ಎಲ್ಲ ಚುಕ್ಕೆಗಳೂ ಮಂಕಾಗುತ್ತವೆ. ದೃಷ್ಟಿನರ ಸರಿಯಾಗಿದ್ದರೂ ಒಟ್ಟು ಅಂಕ ಕುಸಿಯುತ್ತದೆ. ಕೊಳೆಯಾದ ಕಿಟಕಿ ಗಾಜಿನಿಂದ ತೋಟ ನೋಡಿದರೆ ಇಡೀ ತೋಟ ಮಸುಕು. ಗ್ಲಾಕೋಮಾದ ಗುರುತೇ ಬೇರೆ: ತೋಟದ ಒಂದೆರಡು ಮರಗಳಷ್ಟೇ ಮಾಯ, ಅದೂ ಹೆಚ್ಚಾಗಿ ಮೂಗಿನ ಕಡೆಯ ನೋಟದಲ್ಲಿ, ಇಲ್ಲವೇ ಬಿಲ್ಲಿನಂತೆ ಬಾಗಿದ ಪಟ್ಟಿಯಲ್ಲಿ. ಆದ್ದರಿಂದ ಕಂಪ್ಯೂಟರ್ ಒಟ್ಟಾರೆ ಮಸುಕನ್ನು ಕಳೆದು, ಉಳಿದ ಕೊರತೆಯ ಜಾಗಗಳನ್ನು ಬೇರೆಯೇ ನಕ್ಷೆಯಾಗಿ ಮುದ್ರಿಸಿಕೊಡುತ್ತದೆ. ಜಾಣ ಲೆಕ್ಕವೇ ಸರಿ, ಆದರೂ ಪೂರ್ತಿ ನಂಬುವಂತಿಲ್ಲ. ಪೊರೆ ದಟ್ಟವಾಗಿದ್ದರೆ ಗ್ಲಾಕೋಮಾದ ಸಣ್ಣ ಕೊರತೆಗಳು ಅದರಲ್ಲೇ ಮುಚ್ಚಿಹೋಗಬಹುದು. ಹಳದಿ ಹಿನ್ನೆಲೆಯಲ್ಲಿ ನೀಲಿ ಚುಕ್ಕೆ ತೋರಿಸುವ ಪರೀಕ್ಷೆಗಂತೂ ಪೊರೆ ಇನ್ನೂ ದೊಡ್ಡ ಅಡ್ಡಿ. ಹಳದಿಗಟ್ಟಿದ ಮಸೂರ ನೀಲಿ ಬೆಳಕನ್ನೇ ಹೀರಿಕೊಳ್ಳುತ್ತದೆ.

ಹಾಗಾಗಿ ವೈದ್ಯರು ಕಣ್ಣಿನೊಳಗಿನ ಒತ್ತಡವನ್ನೂ ದೃಷ್ಟಿನರದ ತುದಿಯ ಗುಳಿಯನ್ನೂ ಪರೀಕ್ಷಿಸುತ್ತಾರೆ. ಒತ್ತಡ ಸಹಜವಾಗಿದ್ದೂ ಗ್ಲಾಕೋಮಾ ಇರಬಹುದು. ಪೊರೆ ತೆಗೆದ ಮೇಲೆ ಕ್ಷೇತ್ರ ಪರೀಕ್ಷೆಯನ್ನು ಮತ್ತೆ ಮಾಡಿಸಿ, ಆ ಹೊಸ ಹಾಳೆಯನ್ನೇ ಮುಂದಿನ ಹೋಲಿಕೆಗೆ ಇಟ್ಟುಕೊಳ್ಳಬೇಕು. ಅಂಕ ಏರಿದೆಯೆಂದು ಗ್ಲಾಕೋಮಾದ ಹನಿಗಳನ್ನು ತಾವಾಗಿಯೇ ನಿಲ್ಲಿಸುವುದು ಅಪಾಯ; ಸ್ವಚ್ಛವಾದದ್ದು ಗಾಜು ಮಾತ್ರ. ಅಜ್ಜನಿಗೋ ಅಜ್ಜಿಗೋ ಗ್ಲಾಕೋಮಾ ಇದೆಯೆಂದು ತಿಳಿದರೆ ಅವರ ಮಕ್ಕಳೂ ಒಡಹುಟ್ಟಿದವರೂ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳಬೇಕು. ಹತ್ತಿರದ ರಕ್ತಸಂಬಂಧಿಗಳಲ್ಲಿ ಈ ರೋಗದ ಸಂಭವ ಹೆಚ್ಚು.